ಗಡಿಯಾರ ನೋಡುವ ಪ್ರೋಗ್ರಾಮನ್ನು ಪರೀಕ್ಷಿಸುವುದು ಹೇಗೆ?

(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಂಪ್ಯೂಟರ್ ಬಗ್ಗೆ ಉಪನ್ಯಾಸ ಎಂದ ಕೂಡಲೇ ಯಾವ ಕೋರ್ಸ್ ಮಾಡಿದರೆ ಎಲ್ಲಿ ಕೆಲಸ, ಎಷ್ಟು ಸಂಬಳ ಎಂಬ ವಿವರಗಳನ್ನು ನೀವು ನಿರೀಕ್ಷಿಸುವುದು ಸಹಜ. ಅದನ್ನು ಹೇಳಲು ನನಗಿಂತ ಚೆನ್ನಾಗಿ ಬಲ್ಲವರಿದ್ದಾರೆ. ನಾನು ಆರಿಸಿಕೊಂಡಿರುವುದು ಒಂದು ಸಣ್ಣ ವಿಷಯ. ಸಣ್ಣದಾದರೂ ಬಿ.ಸಿ.ಎ., ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ಎದುರಾಗುವಂಥದ್ದು. ಪ್ರೋಗ್ರಾಂ ಬರೆಯದ ಹಿರಿಯರು ಬೇಸರಿಸಬಾರದು. ನಾನು ಕೊಡುವ ಉದಾಹರಣೆ ವಿದ್ಯಾರ್ಥಿವೇತನದ ಅರ್ಜಿಯದು. ಅದು ನಮ್ಮೆಲ್ಲರ ಮನೆಗೂ ಪರಿಚಿತವಾದ ಸಂಗತಿ.

ನಿಮ್ಮ ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯನ್ನು ನೆನಪಿಸಿಕೊಳ್ಳಿ. ಅದರಲ್ಲಿ ಟೆಸ್ಟಿಂಗ್ ಎಂಬ ಒಂದು ಅಧ್ಯಾಯ ಇದ್ದೇ ಇರುತ್ತದೆ. ಯೂನಿಟ್ ಟೆಸ್ಟಿಂಗ್ ಎಂದರೇನು, ಇಂಟಿಗ್ರೇಷನ್ ಟೆಸ್ಟಿಂಗ್ ಎಂದರೇನು ಎಂದು ಎರಡು ಪುಟ ವಿವರಣೆ, ನಂತರ ಒಂದು ಕೋಷ್ಟಕ. ಸರಿಯಾದ ಪಾಸ್‌ವರ್ಡ್ ಕೊಟ್ಟರೆ ಲಾಗಿನ್ ಆಗುತ್ತದೆ, ಪಾಸ್. ತಪ್ಪು ಪಾಸ್‌ವರ್ಡ್ ಕೊಟ್ಟರೆ ಲಾಗಿನ್ ಆಗುವುದಿಲ್ಲ, ಪಾಸ್. ಹಿಂದಿನ ವರ್ಷದವರ ವರದಿಯಿಂದ ಈ ವರ್ಷದವರ ವರದಿಗೆ ಈ ಕೋಷ್ಟಕ ಹಾಗೆಯೇ ಹರಿದುಬರುವುದನ್ನು ಎಲ್ಲರೂ ಕಂಡಿದ್ದೇವೆ! ಆದರೆ ನಿಜವಾದ ಯೂನಿಟ್ ಟೆಸ್ಟ್ ಎಂಬುದು ಕೋಷ್ಟಕವಲ್ಲ, ಅದೂ ಒಂದು ಪ್ರೋಗ್ರಾಂ. ನೀವು ಬರೆದ ಒಂದು ಫಂಕ್ಷನ್ನಿಗೆ ಗೊತ್ತಿರುವ ಬೆಲೆಯನ್ನು ಕೊಟ್ಟು, ಬರಬೇಕಾದ ಉತ್ತರವೇ ಬಂತೇ ಎಂದು ಅದು ತಾನಾಗಿಯೇ ನೋಡುತ್ತದೆ. ಹೀಗೆ ಬರೆದ ನೂರಾರು ಟೆಸ್ಟ್‌ಗಳು ಕೆಲವೇ ಸೆಕೆಂಡುಗಳಲ್ಲಿ ಓಡಿ ಮುಗಿಯುತ್ತವೆ. ಕೋಡಿನಲ್ಲಿ ಏನಾದರೂ ಬದಲಿಸಿದಾಗಲೆಲ್ಲ ಅವನ್ನು ಮತ್ತೆ ಓಡಿಸುತ್ತೀರಿ. ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಜಾವಾಕ್ಕಾಗಿ ಜೆಯೂನಿಟ್ ಬರೆದ ಮೇಲೆ ಈ ಪದ್ಧತಿ ಎಲ್ಲೆಡೆ ಹಬ್ಬಿತು. ಪೈಥಾನ್‌ನಲ್ಲಿ 2001ರ 2.1ನೇ ಆವೃತ್ತಿಯಿಂದ ಯೂನಿಟ್‌ಟೆಸ್ಟ್ ಎಂಬ ಸೌಲಭ್ಯ ಭಾಷೆಯ ಜೊತೆಗೇ ಬರುತ್ತಿದೆ. ಪಿಎಚ್‌ಪಿಗೆ ಸೆಬಾಸ್ಟಿಯನ್ ಬರ್ಗ್‌ಮನ್ ಅವರ ಪಿಎಚ್‌ಪಿಯೂನಿಟ್ ಇದೆ, ಜಾವಾಸ್ಕ್ರಿಪ್ಟಿಗೆ ಜೆಸ್ಟ್ ಇದೆ. ಎಲ್ಲವೂ ಉಚಿತ.

ಎರಡು ಸಂಖ್ಯೆಗಳನ್ನು ಕೂಡಿಸುವ ಫಂಕ್ಷನ್ನನ್ನು ಪರೀಕ್ಷಿಸುವುದು ಸುಲಭ. ಎರಡು ಮತ್ತು ಮೂರು ಕೊಟ್ಟರೆ ಐದು ಬರಬೇಕು. ಇಂದು ಕೇಳಿದರೂ ಐದು, ಮುಂದಿನ ವರ್ಷ ಕೇಳಿದರೂ ಐದು. ತೊಂದರೆ ಆರಂಭವಾಗುವುದು ಫಂಕ್ಷನ್ ತನ್ನ ಒಳಗಿನಿಂದಲೇ ಗಡಿಯಾರ ನೋಡಲು ಹೊರಟಾಗ.

ಒಂದು ವಿದ್ಯಾರ್ಥಿವೇತನದ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಸ್ವೀಕರಿಸಬೇಕಾಗಿದೆ ಎಂದುಕೊಳ್ಳಿ. ಕೊನೆಯ ದಿನಾಂಕ ಜುಲೈ 31. ನಿಮ್ಮಂಥ ಒಬ್ಬ ವಿದ್ಯಾರ್ಥಿ ಪಿಎಚ್‌ಪಿಯಲ್ಲಿ ಒಂದು ಫಂಕ್ಷನ್ ಬರೆಯುತ್ತಾನೆ. ಅದರ ಕೆಲಸ ಇಷ್ಟೇ: ಅರ್ಜಿ ಸ್ವೀಕರಿಸಬಹುದೇ ಇಲ್ಲವೇ ಎಂದು ಹೇಳುವುದು. ಅದರೊಳಗೆ ಒಂದೇ ಸಾಲು. ಪಿಎಚ್‌ಪಿಯ ಟೈಮ್ ಎಂಬ ಫಂಕ್ಷನ್ನನ್ನು ಕರೆದು ಈಗಿನ ಹೊತ್ತನ್ನು ಪಡೆಯುತ್ತಾನೆ. ಸ್ಟ್ರಟೋಟೈಮ್ ಎಂಬ ಇನ್ನೊಂದಕ್ಕೆ ಜುಲೈ 31 ಎಂಬ ದಿನಾಂಕ ಕೊಟ್ಟು ಅದನ್ನೂ ಹೊತ್ತಾಗಿ ಮಾರ್ಪಡಿಸುತ್ತಾನೆ. ಮೊದಲನೆಯದು ಎರಡನೆಯದಕ್ಕಿಂತ ಹೆಚ್ಚಿಲ್ಲದಿದ್ದರೆ ಅರ್ಜಿ ತೆಗೆದುಕೊ, ಹೆಚ್ಚಿದ್ದರೆ ಅವಧಿ ಮುಗಿದಿದೆ ಎನ್ನು. ಜೂನ್ ತಿಂಗಳಲ್ಲಿ ಓಡಿಸಿ ನೋಡುತ್ತಾನೆ, ಅರ್ಜಿ ಸೇರುತ್ತದೆ. ಕೊನೆಯ ದಿನಾಂಕವನ್ನು ಮೇ ತಿಂಗಳಿಗೆ ಬದಲಿಸಿ ನೋಡುತ್ತಾನೆ, ಅವಧಿ ಮುಗಿದಿದೆ ಎನ್ನುತ್ತದೆ. ಎಲ್ಲ ಸರಿಯಾಗಿದೆ ಎಂದು ಕೊಟ್ಟುಬಿಡುತ್ತಾನೆ.

ಇದರಲ್ಲಿ ಒಂದು ತಪ್ಪಿದೆ. ದಿನಾಂಕವನ್ನು ಮಾತ್ರ ಕೊಟ್ಟು ಗಂಟೆಯನ್ನು ಕೊಡದಿದ್ದರೆ ಸ್ಟ್ರಟೋಟೈಮ್ ಆ ದಿನದ ಆರಂಭವನ್ನು, ಅಂದರೆ ನಡುರಾತ್ರಿ 00:00 ಗಂಟೆಯನ್ನು ಹಿಡಿಯುತ್ತದೆ. ಹಾಗಾಗಿ ಜುಲೈ 31 ಹುಟ್ಟಿದ ಕ್ಷಣದಿಂದಲೇ ಅವಧಿ ಮುಗಿದುಹೋಗುತ್ತದೆ. ಕೊನೆಯ ದಿನ ಎಂದು ಪ್ರಕಟಣೆಯಲ್ಲಿ ಹಾಕಿದ ದಿನ ಒಬ್ಬರ ಅರ್ಜಿಯೂ ಸೇರುವುದಿಲ್ಲ.

ಇದರ ಮೇಲೆ ಇನ್ನೊಂದು ತೊಡಕು ಇದೆ. ನಡುರಾತ್ರಿ ಎಂದರೆ ಎಲ್ಲಿಯ ನಡುರಾತ್ರಿ? ನಮ್ಮ ಭಾರತೀಯ ಸಮಯ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಪಿಎಚ್‌ಪಿಗೆ ಕಾಲವಲಯವನ್ನು ಹೇಳದಿದ್ದರೆ ಅದು ಯುಟಿಸಿಯನ್ನೇ ಹಿಡಿಯುತ್ತದೆ. ಆಗ ಈ ಬಾಗಿಲು ಮುಚ್ಚುವುದು ನಮ್ಮ ಗಡಿಯಾರದಲ್ಲಿ ಜುಲೈ 31ರ ಬೆಳಗಿನ 5:30ಕ್ಕೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕ್ಸಾಂಪ್ ಹಾಕಿಕೊಂಡಿದ್ದರೆ ಅದರ ಪಿಎಚ್‌ಪಿ ಸೆಟ್ಟಿಂಗ್ ಕಡತವನ್ನು ತೆರೆದು ಕಾಲವಲಯ ಏನಿದೆ ನೋಡಿ. ನೀವು ಬದಲಿಸಿರದಿದ್ದರೆ ಸಾಮಾನ್ಯವಾಗಿ ಯುರೋಪಿನ ಬರ್ಲಿನ್ ಎಂದಿರುತ್ತದೆ, ಏಕೆಂದರೆ ಕ್ಸಾಂಪ್ ತಯಾರಿಸುವ ಯೋಜನೆ ಹುಟ್ಟಿದ್ದು ಜರ್ಮನಿಯಲ್ಲಿ. ಬೇಸಿಗೆಯಲ್ಲಿ ಬರ್ಲಿನ್ ಯುಟಿಸಿಗಿಂತ ಎರಡು ಗಂಟೆ ಮುಂದಿರುವುದರಿಂದ ಆ ಯಂತ್ರದಲ್ಲಿ ಬಾಗಿಲು ಮುಚ್ಚುವುದು ನಮ್ಮ 3:30ಕ್ಕೆ. ಕಾಲವಲಯವನ್ನು ಕೋಲ್ಕತ್ತಾ ಎಂದು ಸರಿಯಾಗಿ ಹಾಕಿಕೊಂಡ ಗೆಳೆಯನ ಯಂತ್ರದಲ್ಲಿ ನಡುರಾತ್ರಿಗೇ ಮುಚ್ಚುತ್ತದೆ. ಒಂದೇ ಕೋಡ್, ಮೂರು ಯಂತ್ರ, ಮೂರು ಉತ್ತರ. ಮೂರೂ ತಪ್ಪು.

ಈಗ ಕೊನೆಯ ದಿನ ಅರ್ಜಿ ಹಾಕುವವರು ಯಾರು ಎಂದು ಯೋಚಿಸಿ. ಸೋಮಾರಿಗಳೇ ಎಂದು ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಹಿಂದಿನ ದಿನವಷ್ಟೇ ಕೈಗೆ ಸಿಕ್ಕಿದ ಹುಡುಗಿ, ಕೂಲಿ ಬಿಟ್ಟು ಪೇಟೆಗೆ ಬರಲು ತಂದೆಗೆ ಅದೊಂದೇ ದಿನ ಸಿಕ್ಕಿದ ಹುಡುಗ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಲೆಂದು ಕಾದು ಕುಳಿತವರು. ಸೈಬರ್ ಸೆಂಟರಿನಲ್ಲಿ ಸರದಿಗೆ ಕಾದು, ಎಲ್ಲ ತುಂಬಿಸಿ, ಕೊನೆಗೆ ಬಟನ್ ಒತ್ತಿದಾಗ ಅವಧಿ ಮುಗಿದಿದೆ ಎಂಬ ಸಾಲು ಕಾಣಿಸಿದರೆ ಆ ಹುಡುಗಿಗೆ ತಾನೇ ದಿನಾಂಕ ತಪ್ಪಾಗಿ ಓದಿದೆನೇನೋ ಎಂದು ಅನಿಸುತ್ತದೆಯೇ ಹೊರತು ತಂತ್ರಾಂಶದ ತಪ್ಪು ಎಂದು ಅನಿಸುವುದಿಲ್ಲ. ಆಕೆ ಯಾರನ್ನೂ ಕೇಳದೆ ಮನೆಗೆ ಹೋಗುತ್ತಾಳೆ. ಹೀಗಾಗಿ ಇಂಥ ದೋಷದ ಬಗ್ಗೆ ದೂರು ಬರುವುದೂ ಅಪರೂಪ.

ಇದನ್ನು ಮುಂಚೆಯೇ ಏಕೆ ಕಂಡುಹಿಡಿಯಲಾಗಲಿಲ್ಲ? ಜುಲೈ 31ರಂದು ಏನಾಗುತ್ತದೆ ಎಂದು ಆ ಫಂಕ್ಷನ್ನನ್ನು ಕೇಳಲು ದಾರಿಯೇ ಇಲ್ಲ. ಕೇಳಿದರೆ ಅದು ಈಗ ಏನಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಹೊರಗಿನಿಂದ ನೋಡಿದರೆ ಅದಕ್ಕೆ ಯಾವ ಇನ್‌ಪುಟ್ಟೂ ಬೇಕಿಲ್ಲ ಎನ್ನುವಂತಿದೆ. ಆದರೆ ಒಳಗೆ ಒಂದು ಗುಪ್ತ ಇನ್‌ಪುಟ್ ಇದೆ, ಗಡಿಯಾರ. ನನ್ನ ಇಂದಿನ ಮಾತೆಲ್ಲ ಈ ಒಂದು ಅಂಶದ ಸುತ್ತ ಇದೆ. ಭಾಷೆಯ ಜೊತೆಗೇ ಬರುವ, ಯಾವ ಮೂಲೆಯಿಂದ ಬೇಕಾದರೂ ಕರೆಯಬಹುದಾದ ಗ್ಲೋಬಲ್ ಫಂಕ್ಷನ್‌ಗಳು ಬಹಳ ಅನುಕೂಲ. ಅನುಕೂಲ ಎಂಬ ಕಾರಣಕ್ಕೇ ಅವು ನಮ್ಮ ಕೋಡಿನೊಳಗೆ ಹೊರಜಗತ್ತನ್ನು ಹೇಳದೆ ಕೇಳದೆ ತಂದು ಕೂರಿಸುತ್ತವೆ.

ಲ್ಯಾಬಿನಲ್ಲಿ ಕೆಲವರು ಒಂದು ಉಪಾಯ ಮಾಡುತ್ತಾರೆ. ಕಂಪ್ಯೂಟರಿನ ದಿನಾಂಕವನ್ನೇ ಜುಲೈ 31ಕ್ಕೆ ಬದಲಿಸುತ್ತಾರೆ. ಅದರಿಂದ ಬ್ರೌಸರಿನಲ್ಲಿ ಪ್ರಮಾಣಪತ್ರದ ದೋಷ ಬಂದು ಅರ್ಧ ಜಾಲತಾಣಗಳು ತೆರೆಯುವುದಿಲ್ಲ, ಉಳಿಸಿದ ಕಡತಗಳ ದಿನಾಂಕ ಕೆಡುತ್ತದೆ, ಮರಳಿ ಸರಿಮಾಡುವುದನ್ನು ಮರೆತರೆ ಮುಂದಿನ ಬ್ಯಾಚಿನವರಿಗೆ ತಲೆನೋವು. ಅದಕ್ಕಿಂತ ಮುಖ್ಯವಾಗಿ, ನೂರು ಟೆಸ್ಟಿಗೆ ನೂರು ಸಲ ದಿನಾಂಕ ಬದಲಿಸುತ್ತಾ ಕೂರಲು ಯಾರಿಂದಲೂ ಆಗದು.

ಇದು ಕಲಿಯುವ ಹುಡುಗರ ತಪ್ಪು ಮಾತ್ರ ಎಂದು ತಿಳಿಯಬೇಡಿ. ಮೈಕ್ರೋಸಾಫ್ಟ್ ಕಂಪನಿಯ ಝೂನ್ ಎಂಬ ಸಂಗೀತ ಕೇಳುವ ಸಾಧನದ 30 ಜಿಬಿ ಮಾದರಿಗಳು 2008ರ ಡಿಸೆಂಬರ್ 31ರಂದು ಜಗತ್ತಿನೆಲ್ಲೆಡೆ ಒಟ್ಟಿಗೇ ನಿಂತುಹೋದವು. 2008 ಅಧಿಕ ವರ್ಷ, ಆ ದಿನ ವರ್ಷದ 366ನೇ ದಿನ. ದಿನಗಳ ಲೆಕ್ಕದಿಂದ ವರ್ಷವನ್ನು ಕಂಡುಹಿಡಿಯುವ ಲೂಪು ಆ ಒಂದು ಸಂಖ್ಯೆಗೆ ಮುಗಿಯದೆ ಸುತ್ತುತ್ತಲೇ ಇತ್ತು. ಬ್ಯಾಟರಿ ಖಾಲಿಯಾಗಲು ಬಿಟ್ಟು ಮರುದಿನ ಚಾಲೂ ಮಾಡಿ ಎಂದು ಕಂಪನಿ ಹೇಳಬೇಕಾಯಿತು. ಅದೇ ಕಂಪನಿಯ ಅಜ಼ೂರ್ ಎಂಬ ಬೃಹತ್ ಸರ್ವರ್ ಸೇವೆ 2012ರ ಫೆಬ್ರವರಿ 29ರಂದು ಕುಸಿಯಿತು. ಅಲ್ಲಿ ಒಂದು ವರ್ಷದ ಅವಧಿಯ ಪ್ರಮಾಣಪತ್ರ ತಯಾರಿಸುವ ಕೋಡ್ ಇತ್ತು. ಅದು ಇಂದಿನ ದಿನಾಂಕ ತೆಗೆದುಕೊಂಡು ವರ್ಷಕ್ಕೆ ಒಂದು ಕೂಡಿಸುತ್ತಿತ್ತು. 2013ರ ಫೆಬ್ರವರಿ 29 ಎಂಬ ದಿನವೇ ಇಲ್ಲವಾದ್ದರಿಂದ ಪ್ರಮಾಣಪತ್ರ ತಯಾರಾಗಲಿಲ್ಲ. ತೊಂದರೆ ಶುರುವಾದದ್ದು ಯುಟಿಸಿ ನಡುರಾತ್ರಿಗೆ, ನಮ್ಮ ಲೆಕ್ಕದಲ್ಲಿ ಬೆಳಗಿನ 5:30ಕ್ಕೆ. ಎರಡೂ ಕಡೆ ಲೆಕ್ಕ ಸಣ್ಣದು. ಆ ಒಂದು ದಿನಾಂಕವನ್ನು ಕೊಟ್ಟು ಮೊದಲೇ ಕೇಳಿದ್ದರೆ ಒಂದು ಕ್ಷಣದಲ್ಲಿ ತಪ್ಪು ಕಾಣುತ್ತಿತ್ತು.

ಇನ್ನು ಪರಿಹಾರಕ್ಕೆ ಬರೋಣ. ಮೊದಲನೆಯ ಮಾರ್ಗ ಅತ್ಯಂತ ಸರಳ, ನನ್ನ ಅಭಿಪ್ರಾಯದಲ್ಲಿ ಅತ್ಯುತ್ತಮವೂ ಹೌದು. ಫಂಕ್ಷನ್ ತಾನೇ ಗಡಿಯಾರ ನೋಡಬಾರದು. ಈಗ ಎಷ್ಟು ಹೊತ್ತು ಎಂಬುದನ್ನು ಕರೆಯುವವರೇ ಅದಕ್ಕೆ ಪ್ಯಾರಾಮೀಟರ್ ಆಗಿ ಕೊಡಬೇಕು. ಅರ್ಜಿ ಸ್ವೀಕರಿಸಬಹುದೇ ಎಂಬ ಫಂಕ್ಷನ್ನಿಗೆ ಎರಡು ಇನ್‌ಪುಟ್: ಈಗಿನ ಹೊತ್ತು ಮತ್ತು ಕೊನೆಯ ದಿನಾಂಕ. ಟೈಮ್ ಫಂಕ್ಷನ್ನನ್ನು ಕರೆಯುವ ಕೆಲಸ ಪ್ರೋಗ್ರಾಮಿನ ಹೊಸ್ತಿಲಲ್ಲಿ, ಅಂದರೆ ಅರ್ಜಿಯ ಪುಟ ತೆರೆಯುವ ಕಡತದಲ್ಲಿ, ಒಂದೇ ಒಂದು ಸಲ ನಡೆಯಲಿ.

ಇಷ್ಟು ಮಾಡಿದ ಕೂಡಲೇ ನೀವು ಯಾವ ದಿನದ ಪ್ರಶ್ನೆಯನ್ನಾದರೂ ಕೇಳಬಹುದು. ನಾಲ್ಕು ಟೆಸ್ಟ್ ಬರೆಯಿರಿ. ಜುಲೈ 30ರ ರಾತ್ರಿ 11:59ಕ್ಕೆ ಹೌದು ಎನ್ನಬೇಕು. ಜುಲೈ 31ರ ಬೆಳಿಗ್ಗೆ 10 ಗಂಟೆಗೆ ಹೌದು ಎನ್ನಬೇಕು. ಜುಲೈ 31ರ ರಾತ್ರಿ 11 ಗಂಟೆ 59 ನಿಮಿಷ 59 ಸೆಕೆಂಡಿಗೆ ಹೌದು ಎನ್ನಬೇಕು. ಆಗಸ್ಟ್ 1ರ 00:00 ಗಂಟೆಗೆ ಇಲ್ಲ ಎನ್ನಬೇಕು. ನಾಲ್ಕರಲ್ಲೂ ಸಮಯ ಕೋಲ್ಕತ್ತಾ ಕಾಲವಲಯದ್ದು ಎಂದು ಸ್ಪಷ್ಟವಾಗಿ ಬರೆಯಿರಿ. ಹಳೆಯ ಕೋಡಿಗೆ ಈ ಟೆಸ್ಟ್ ಹಾಕಿದರೆ ಎರಡನೆಯದೂ ಮೂರನೆಯದೂ ತಕ್ಷಣ ಫೇಲಾಗುತ್ತವೆ. ಸರಿಪಡಿಸುವ ದಾರಿಯೂ ಅಲ್ಲೇ ಹೊಳೆಯುತ್ತದೆ. ಜುಲೈ 31ಕ್ಕಿಂತ ಹೆಚ್ಚಿದೆಯೇ ಎಂದು ನೋಡುವ ಬದಲು ಆಗಸ್ಟ್ 1ರ ಆರಂಭಕ್ಕಿಂತ ಮೊದಲೇ ಎಂದು ನೋಡಿದರೆ ಮುಗಿಯಿತು. ಗಡಿಯ ಎರಡೂ ಬದಿಯನ್ನು ಪರೀಕ್ಷಿಸುವುದು ಮುಖ್ಯ. ಜೂನ್ ತಿಂಗಳ ಹತ್ತು ದಿನಾಂಕಗಳನ್ನು ಕೊಟ್ಟು ಹತ್ತು ಟೆಸ್ಟ್ ಬರೆದರೆ ಸಂಖ್ಯೆ ಬೆಳೆಯುತ್ತದೆ, ತಪ್ಪು ಹಾಗೇ ಉಳಿಯುತ್ತದೆ.

ಎರಡನೆಯ ಮಾರ್ಗ ದೊಡ್ಡ ಪ್ರೋಗ್ರಾಮುಗಳಿಗೆ. ಹತ್ತಾರು ಕಡೆ ಸಮಯ ಬೇಕಾದಾಗ ಎಲ್ಲ ಫಂಕ್ಷನ್ನಿಗೂ ಅದನ್ನು ಕೈಯಿಂದ ಕೈಗೆ ದಾಟಿಸುವುದು ಬೇಸರದ ಕೆಲಸ. ಆಗ ಗಡಿಯಾರ ಎಂಬ ಒಂದು ಸಣ್ಣ ಕ್ಲಾಸ್ ಬರೆದು ಅದರ ಆಬ್ಜೆಕ್ಟನ್ನು ಕೊಡುತ್ತಾರೆ. ನಿಜವಾದ ಗಡಿಯಾರ ಒಳಗಿನಿಂದ ಟೈಮ್ ಫಂಕ್ಷನ್ನನ್ನು ಕರೆಯುತ್ತದೆ. ಟೆಸ್ಟಿನಲ್ಲಿ ಕೊಡುವ ಬದಲಿ ಗಡಿಯಾರ ನಿಂತ ಗಡಿಯಾರ, ಯಾವಾಗ ಕೇಳಿದರೂ ನೀವು ಇಟ್ಟ ಹೊತ್ತನ್ನೇ ಹೇಳುತ್ತದೆ. ಈ ಅಗತ್ಯ ಎಲ್ಲರಿಗೂ ಇರುವುದರಿಂದ ಈಗ ಭಾಷೆಗಳೇ ಇದನ್ನು ಒದಗಿಸುತ್ತಿವೆ. 2014ರ ಜಾವಾ 8ರಲ್ಲಿ ಕ್ಲಾಕ್ ಎಂಬ ಕ್ಲಾಸ್ ಬಂತು, ಅದರಲ್ಲಿ ಫಿಕ್ಸೆಡ್ ಎಂಬ ನಿಂತ ಗಡಿಯಾರವೂ ಇದೆ. ಪಿಎಚ್‌ಪಿ ಬಳಗದವರು 2022ರಲ್ಲಿ ಪಿಎಸ್‌ಆರ್-20 ಎಂಬ ಹೆಸರಿನಲ್ಲಿ ಗಡಿಯಾರಕ್ಕೊಂದು ಸಮಾನ ಇಂಟರ್‌ಫೇಸ್ ಒಪ್ಪಿಕೊಂಡರು. 2023ರ ಡಾಟ್‌ನೆಟ್ 8ರಲ್ಲಿ ಟೈಮ್‌ಪ್ರೊವೈಡರ್ ಬಂತು.

ಮೇಲ್ ಫಂಕ್ಷನ್ನಿಗೂ ಇದೇ ಉಪಾಯ. ಪಿಎಚ್‌ಪಿಯ ಮೇಲ್ ಫಂಕ್ಷನ್ನನ್ನು ನೇರವಾಗಿ ಕರೆಯುವ ಕೋಡನ್ನು ಪರೀಕ್ಷಿಸಲು ಹೊರಟರೆ ನೀವು ಆಯ್ಕೆಯಾಗಿದ್ದೀರಿ ಎಂಬ ಇ-ಮೇಲ್ ನಿಜವಾದ ಅರ್ಜಿದಾರರಿಗೆ ಹೋಗಿಬಿಡಬಹುದು. ಒಂದು ಬಡ ಮನೆಗೆ ಅಂಥ ಸುಳ್ಳು ಸುದ್ದಿ ತಲುಪುವುದು ಎಂಥ ಸಂಗತಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬದಲಿಗೆ ಕಳುಹಿಸುವವ ಎಂಬ ಒಂದು ಆಬ್ಜೆಕ್ಟ್ ಇರಲಿ. ಟೆಸ್ಟಿನಲ್ಲಿ ಅದರ ಬದಲಿಯು ಏನನ್ನೂ ಕಳುಹಿಸದೆ, ಯಾರಿಗೆ ಏನು ಕಳುಹಿಸಲು ಹೇಳಿದರು ಎಂದು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಕೊನೆಯಲ್ಲಿ ಆ ಪಟ್ಟಿಯನ್ನು ನೋಡಿದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ. ಈ ಪಾಠ ಕೇಳಿದ ಉತ್ಸಾಹಿಗಳು ಎಲ್ಲ ಬಿಲ್ಟ್-ಇನ್ ಫಂಕ್ಷನ್‌ಗಳಿಗೂ ಬದಲಿ ಮಾಡಲು ಹೊರಡುತ್ತಾರೆ. ಅಕ್ಷರ ಎಣಿಸುವ ಫಂಕ್ಷನ್, ಸಂಖ್ಯೆಯನ್ನು ದುಂಡಾಗಿಸುವ ಫಂಕ್ಷನ್, ಪಟ್ಟಿಯನ್ನು ಜೋಡಿಸುವ ಫಂಕ್ಷನ್ ಇವೆಲ್ಲ ಕೊಟ್ಟ ಇನ್‌ಪುಟ್ಟಿಗೆ ಯಾವಾಗಲೂ ಒಂದೇ ಉತ್ತರ ಕೊಡುತ್ತವೆ, ಹೊರಗೆ ಏನನ್ನೂ ಬದಲಿಸುವುದಿಲ್ಲ. ಅವನ್ನು ಹಾಗೆಯೇ ಬಿಡಿ. ಗಮನ ಕೊಡಬೇಕಾದದ್ದು ಸಮಯ, ಯಾದೃಚ್ಛಿಕ ಸಂಖ್ಯೆ, ಕಡತ, ಇ-ಮೇಲ್, ನೆಟ್‌ವರ್ಕ್, ಸರ್ವರಿನ ಸೆಟ್ಟಿಂಗ್ ಇಂಥವನ್ನು ಮುಟ್ಟುವ ಫಂಕ್ಷನ್‌ಗಳಿಗೆ ಮಾತ್ರ.

ಆದರೆ ಕೆಲಸಕ್ಕೆ ಸೇರಿದಾಗ ನಿಮ್ಮ ಕೈಗೆ ಹೊಸ ಕೋಡ್ ಸಿಗುವುದಿಲ್ಲ. ಹತ್ತು ವರ್ಷದ ಹಿಂದೆ ಯಾರೋ ಬರೆದು ಹೋದ, ಮುಟ್ಟಿದರೆ ಎಲ್ಲಿ ಮುರಿಯುತ್ತದೋ ಎಂದು ಎಲ್ಲರೂ ಹೆದರುವ ಕೋಡ್ ಸಿಗುತ್ತದೆ. ಇಂಥ ಕೋಡಿನ ಬಗ್ಗೆಯೇ ಮೈಕಲ್ ಫೆದರ್ಸ್ 2004ರಲ್ಲಿ ‘ವರ್ಕಿಂಗ್ ಎಫೆಕ್ಟಿವ್ಲಿ ವಿತ್ ಲೆಗಸಿ ಕೋಡ್’ ಎಂಬ ಪುಸ್ತಕ ಬರೆದರು. ಅವರು ಬಳಸುವ ಒಂದು ಪದ ಸೀಮ್, ಅಂದರೆ ಬಟ್ಟೆಯ ಹೊಲಿಗೆ. ದರ್ಜಿ ಅಂಗಿಯನ್ನು ಸಡಿಲ ಮಾಡುವಾಗ ಬಟ್ಟೆಯನ್ನು ಕತ್ತರಿಸುವುದಿಲ್ಲ, ಹೊಲಿಗೆ ಇದ್ದಲ್ಲಿ ಬಿಚ್ಚುತ್ತಾನೆ. ಕೋಡಿನಲ್ಲೂ ಆ ಸಾಲನ್ನು ತಿದ್ದದೆಯೇ ಅದರ ನಡವಳಿಕೆಯನ್ನು ಬದಲಿಸಬಹುದಾದ ಜಾಗಗಳಿರುತ್ತವೆ. ಗ್ಲೋಬಲ್ ಫಂಕ್ಷನ್‌ಗಳಿಗೂ ಪ್ರತಿ ಭಾಷೆಯಲ್ಲಿ ಅಂಥ ಹೊಲಿಗೆ ಒಂದಲ್ಲ ಒಂದು ಕಡೆ ಸಿಗುತ್ತದೆ.

ಪಿಎಚ್‌ಪಿಯಲ್ಲಿ ಟೈಮ್ ಎಂಬ ಹೆಸರಿನ ಫಂಕ್ಷನ್ನನ್ನು ಗ್ಲೋಬಲ್ ಆಗಿ ಮತ್ತೆ ಬರೆಯಲು ಹೋದರೆ ಮರುಘೋಷಣೆ ಸಾಧ್ಯವಿಲ್ಲ ಎಂದು ಪ್ರೋಗ್ರಾಂ ನಿಲ್ಲುತ್ತದೆ. ಆದರೆ 2009ರ 5.3ನೇ ಆವೃತ್ತಿಯಲ್ಲಿ ನೇಮ್‌ಸ್ಪೇಸ್ ಬಂದ ಮೇಲೆ ಒಂದು ದಾರಿ ತೆರೆಯಿತು. ನೇಮ್‌ಸ್ಪೇಸ್ ಒಳಗಿನ ಕೋಡ್ ಬರೀ ಟೈಮ್ ಎಂದು ಕರೆದರೆ ಪಿಎಚ್‌ಪಿ ಮೊದಲು ಅದೇ ನೇಮ್‌ಸ್ಪೇಸಿನಲ್ಲಿ ಆ ಹೆಸರಿನ ಫಂಕ್ಷನ್ ಇದೆಯೇ ಎಂದು ಹುಡುಕುತ್ತದೆ, ಇಲ್ಲದಿದ್ದರೆ ಮಾತ್ರ ಗ್ಲೋಬಲ್ ಫಂಕ್ಷನ್ನಿಗೆ ಹೋಗುತ್ತದೆ. ಹಾಗಾಗಿ ಟೆಸ್ಟ್ ಕಡತದಲ್ಲಿ ಅದೇ ನೇಮ್‌ಸ್ಪೇಸಿನಲ್ಲಿ ನಿಮ್ಮದೇ ಟೈಮ್ ಫಂಕ್ಷನ್ ಬರೆದಿಟ್ಟರೆ ಹಳೆಯ ಕೋಡ್ ಒಂದಕ್ಷರವೂ ಬದಲಾಗದೆ ನಿಮ್ಮ ಗಡಿಯಾರವನ್ನು ನೋಡುತ್ತದೆ. ಪಿಎಚ್‌ಪಿ-ಮಾಕ್ ಎಂಬ ಲೈಬ್ರರಿಯೂ ಸಿಂಫನಿಯ ಕ್ಲಾಕ್‌ಮಾಕ್ ಕೂಡ ಇದೇ ತಂತ್ರದ ಮೇಲೆ ನಿಂತಿವೆ.

ಜಾಣ ಉಪಾಯವೇನೋ ಹೌದು, ಆದರೆ ನಾಜೂಕು. ಹಳೆಯ ಕೋಡ್ ನೇಮ್‌ಸ್ಪೇಸ್ ಇಲ್ಲದೆ ಬರೆದದ್ದಾದರೆ ಉಪಯೋಗವಿಲ್ಲ. ಹೆಸರಿನ ಮುಂದೆ ಹಿಮ್ಮುಖ ಓರೆಗೆರೆ ಹಾಕಿ ಕರೆದಿದ್ದರೆ ಅದು ನೇರವಾಗಿ ಗ್ಲೋಬಲ್ ಫಂಕ್ಷನ್ನಿಗೇ ಹೋಗುತ್ತದೆ. ಕೆಲವು ಕಂಪನಿಗಳಲ್ಲಿ ವೇಗ ಹೆಚ್ಚಲೆಂದು ಕೋಡನ್ನು ಓರಣಗೊಳಿಸುವ ಸಾಧನವೇ ಎಲ್ಲ ಬಿಲ್ಟ್-ಇನ್ ಕರೆಗಳಿಗೂ ಆ ಗೆರೆಯನ್ನು ಸೇರಿಸಿಬಿಡುತ್ತದೆ. ಅಂದು ಟೆಸ್ಟ್‌ಗಳು ಕಾರಣ ತಿಳಿಯದೆ ಬೀಳುತ್ತವೆ. ಮತ್ತೊಂದು, ಆ ಸಾಲು ಮೊದಲ ಸಲ ಓಡುವ ಮುನ್ನವೇ ನಿಮ್ಮ ಬದಲಿ ಸಿದ್ಧವಿರಬೇಕು. ಒಮ್ಮೆ ಅಸಲಿ ಫಂಕ್ಷನ್ನನ್ನು ಕಂಡುಕೊಂಡ ಮೇಲೆ ಪಿಎಚ್‌ಪಿ ಅದನ್ನೇ ನೆನಪಿಟ್ಟುಕೊಳ್ಳುತ್ತದೆ.

ಪೈಥಾನ್‌ನಲ್ಲಿ ಕೆಲಸ ಸ್ವಲ್ಪ ಸುಲಭ. 2012ರ 3.3ನೇ ಆವೃತ್ತಿಯಿಂದ ಮಾಕ್ ಎಂಬ ಸೌಲಭ್ಯ ಭಾಷೆಯ ಜೊತೆಗೇ ಇದೆ. ಅದರ ಪ್ಯಾಚ್ ಎಂಬುದು ಒಂದು ಹೆಸರಿನ ಹಿಂದಿರುವ ವಸ್ತುವನ್ನು ಟೆಸ್ಟ್ ಮುಗಿಯುವವರೆಗೆ ಬದಲಿಸಿ, ನಂತರ ತಾನೇ ಮರಳಿ ಇಡುತ್ತದೆ. ಹೊಸಬರೆಲ್ಲ ಎಡವುವುದು ಒಂದೇ ಜಾಗದಲ್ಲಿ. ಹೆಸರನ್ನು ಬದಲಿಸಬೇಕಾದದ್ದು ಅದು ಹುಟ್ಟಿದ ಮಾಡ್ಯೂಲಿನಲ್ಲಲ್ಲ, ನಿಮ್ಮ ಕೋಡ್ ಅದನ್ನು ಹುಡುಕುವ ಮಾಡ್ಯೂಲಿನಲ್ಲಿ. ಟೈಮ್ ಮಾಡ್ಯೂಲಿನಿಂದ ಟೈಮ್ ಫಂಕ್ಷನ್ನನ್ನು ನಿಮ್ಮ ಕಡತಕ್ಕೆ ಆಮದು ಮಾಡಿಕೊಂಡಿದ್ದರೆ ನಿಮ್ಮಲ್ಲಿ ಅದರದೇ ಒಂದು ಪ್ರತ್ಯೇಕ ಹೆಸರು ಇರುತ್ತದೆ. ಮೂಲದಲ್ಲಿ ಬದಲಿಸಿದರೆ ನಿಮ್ಮ ಹೆಸರಿಗೆ ಅದು ತಿಳಿಯುವುದೇ ಇಲ್ಲ. ಇನ್ನೊಂದು ಅಡ್ಡಿ ಎಂದರೆ ಡೇಟ್‌ಟೈಮ್ ಕ್ಲಾಸಿನ ನೌ ಎಂಬ ಮೆಥಡ್. ಆ ಕ್ಲಾಸ್ ಸಿ ಭಾಷೆಯಲ್ಲಿ ಬರೆದದ್ದಾದ್ದರಿಂದ ಅದರ ಒಳಗನ್ನು ಬದಲಿಸಲು ಪೈಥಾನ್ ಬಿಡುವುದಿಲ್ಲ. ಆಗ ನಿಮ್ಮ ಮಾಡ್ಯೂಲಿನಲ್ಲಿರುವ ಡೇಟ್‌ಟೈಮ್ ಎಂಬ ಇಡೀ ಹೆಸರನ್ನೇ ಬದಲಿಸಬೇಕು, ಇಲ್ಲವೇ ಫ್ರೀಜ಼್‌ಗನ್ ಎಂಬ ಲೈಬ್ರರಿ ಬಳಸಬೇಕು.

ಜಾವಾಸ್ಕ್ರಿಪ್ಟಿನಲ್ಲಿ ಇದಕ್ಕೆ ತದ್ವಿರುದ್ಧ. ಡೇಟ್ ಆಬ್ಜೆಕ್ಟಿನ ನೌ ಆಗಲಿ, ಮ್ಯಾಥ್ ಆಬ್ಜೆಕ್ಟಿನ ರ್ಯಾಂಡಮ್ ಆಗಲಿ, ಯಾರು ಬೇಕಾದರೂ ಅಳಿಸಿ ಬೇರೆಯದನ್ನು ಇಡಬಹುದು. ಮರಳಿ ಇಡುವುದನ್ನು ಮರೆತರೆ ಮುಂದಿನ ಟೆಸ್ಟ್ ಕೆಡುತ್ತದೆ, ತಪ್ಪು ಒಂದು ಕಡೆ ಇದ್ದರೆ ನೀವು ಹುಡುಕುವುದು ಇನ್ನೊಂದು ಕಡೆ. ಜೆಸ್ಟ್ ಕೊಡುವ ಹುಸಿ ಗಡಿಯಾರವನ್ನೇ ಬಳಸಿ, ಪ್ರತಿ ಟೆಸ್ಟಿನ ಕೊನೆಗೆ ಮರಳಿಸುವ ಸಾಲನ್ನು ಮೊದಲೇ ಬರೆದಿಡಿ. ಸಿ ಭಾಷೆಯವರಿಗೆ ಗ್ನೂ ಲಿಂಕರಿನಲ್ಲಿ ರ್ಯಾಪ್ ಎಂಬ ಆಯ್ಕೆ ಇದೆ, ಒಂದು ಫಂಕ್ಷನ್ನಿಗೆ ಹೋಗುವ ಕರೆಗಳನ್ನು ಅದು ನಿಮ್ಮ ಫಂಕ್ಷನ್ನಿಗೆ ತಿರುಗಿಸುತ್ತದೆ.

ಈ ತಂತ್ರಗಳನ್ನೆಲ್ಲ ನಾನು ಗಾಯಕ್ಕೆ ಕಟ್ಟುವ ಪಟ್ಟಿಯಂತೆ ನೋಡುತ್ತೇನೆ. ಹಳೆಯ ಕೋಡಿಗೆ ಮೊದಲು ಇವುಗಳಿಂದ ನಾಲ್ಕು ಟೆಸ್ಟ್ ಹಾಕಿ ಭದ್ರ ಮಾಡಿಕೊಳ್ಳಿ, ಆಮೇಲೆ ನಿಧಾನವಾಗಿ ಮೊದಲನೆಯ ಮಾರ್ಗಕ್ಕೆ ತನ್ನಿ. ಹೊಸದಾಗಿ ಬರೆಯುವಾಗಲೂ ಇವನ್ನೇ ನೆಚ್ಚಿಕೊಂಡರೆ ಗುಪ್ತ ಇನ್‌ಪುಟ್ ಗುಪ್ತವಾಗಿಯೇ ಉಳಿಯುತ್ತದೆ.

ಚೀಟಿ ಎತ್ತುವ ಪ್ರೋಗ್ರಾಮುಗಳ ಬಗ್ಗೆಯೂ ಒಂದು ಮಾತು. ಹಾಸ್ಟೆಲಿನ ಸೀಟು ಹತ್ತು, ಅರ್ಹರು ಮೂವತ್ತು ಎಂದಾಗ ಕಂಪ್ಯೂಟರಿನಿಂದ ಚೀಟಿ ಎತ್ತಿಸುತ್ತಾರೆ. ಅದನ್ನು ಪರೀಕ್ಷಿಸುವುದು ಹೇಗೆ, ಪ್ರತಿ ಸಲ ಬೇರೆ ಹೆಸರು ಬರುತ್ತದಲ್ಲ? ಬೀಜ ಸಂಖ್ಯೆ ಅಂದರೆ ಸೀಡ್ ಕೊಟ್ಟರೆ ಅದೇ ಸರಣಿ ಮತ್ತೆ ಬರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ನಿಜ, ಆದರೆ ಪಿಎಚ್‌ಪಿ 7.1ರಲ್ಲಿ ಎಂಟಿ-ರ್ಯಾಂಡ್ ಫಂಕ್ಷನ್ನಿನ ಒಳಗಿನ ಒಂದು ದೋಷವನ್ನು ಸರಿಪಡಿಸಿದಾಗ ಅದೇ ಬೀಜಕ್ಕೆ ಬೇರೆ ಸರಣಿ ಬರತೊಡಗಿತು. ಇಂಥದೇ ಹೆಸರು ಬರಬೇಕು ಎಂದು ಬರೆದ ಟೆಸ್ಟ್‌ಗಳು ಕೋಡ್ ಬದಲಾಗದೆಯೇ ಬಿದ್ದವು. ಆದ್ದರಿಂದ ಸಂಖ್ಯೆ ಕೊಡುವ ಮೂಲವನ್ನೂ ಗಡಿಯಾರದಂತೆ ಹೊರಗಿನಿಂದ ಕೊಡಿ. 2022ರ ಪಿಎಚ್‌ಪಿ 8.2ರಲ್ಲಿ ಬಂದ ರ್ಯಾಂಡಮೈಜ಼ರ್ ಕ್ಲಾಸ್ ಹಾಗೆಯೇ ರೂಪುಗೊಂಡಿದೆ. ಟೆಸ್ಟಿನಲ್ಲಿ ಹತ್ತೇ ಹೆಸರು ಬಂದವೇ, ಒಂದೇ ಹೆಸರು ಎರಡು ಸಲ ಬಂದಿಲ್ಲವೇ, ಪಟ್ಟಿಯಲ್ಲಿಲ್ಲದ ಹೆಸರು ಸೇರಿಲ್ಲವೇ ಎಂಬುದನ್ನು ನೋಡಿ. ಪಾಲಕರು ಬಂದು ಕೇಳುವುದೂ ಇದನ್ನೇ.

ಬದಲಿ ಫಂಕ್ಷನ್‌ಗಳು ಸುಳ್ಳು ಹೇಳಬಹುದು ಎಂಬುದೂ ನೆನಪಿರಲಿ. ಕಡತವನ್ನು ಓದುವ ಪಿಎಚ್‌ಪಿ ಫಂಕ್ಷನ್ ವಿಫಲವಾದಾಗ ಫಾಲ್ಸ್ ಎಂಬ ಬೆಲೆ ಕೊಡುತ್ತದೆ. ನಿಮ್ಮ ಬದಲಿ ಯಾವಾಗಲೂ ಒಳ್ಳೆಯ ಪಠ್ಯವನ್ನೇ ಕೊಡುತ್ತಿದ್ದರೆ ಆ ಸಂದರ್ಭದ ಪರೀಕ್ಷೆ ಆಗಲೇ ಇಲ್ಲ. ಮೇಲ್ ಫಂಕ್ಷನ್ ಟ್ರೂ ಎಂದರೆ ಪತ್ರವನ್ನು ರವಾನೆಗೆ ಸ್ವೀಕರಿಸಲಾಗಿದೆ ಎಂದಷ್ಟೇ ಅರ್ಥ, ತಲುಪಿದೆ ಎಂದಲ್ಲ. ಬದಲಿಗಳ ಮೇಲೆ ನೂರು ಟೆಸ್ಟ್ ಇದ್ದರೂ ನಿಜವಾದ ಗಡಿಯಾರ, ನಿಜವಾದ ಕಡತ, ನಿಮ್ಮದೇ ವಿಳಾಸಕ್ಕೆ ಹೋಗುವ ನಿಜವಾದ ಇ-ಮೇಲ್ ಬಳಸಿ ಒಂದೆರಡು ಟೆಸ್ಟ್ ಇರಲೇಬೇಕು.

ನಿಮ್ಮ ಈಗಿನ ಪ್ರಾಜೆಕ್ಟಿನಲ್ಲಿ ಇದನ್ನು ಮಾಡಿನೋಡಲು ಹೆಚ್ಚು ಸಮಯ ಬೇಡ. ಎಡಿಟರಿನಲ್ಲಿ ಟೈಮ್, ಡೇಟ್, ಸ್ಟ್ರಟೋಟೈಮ್ ಎಂಬ ಮೂರು ಹೆಸರುಗಳನ್ನು ಹುಡುಕಿ, ಎಷ್ಟು ಕಡೆ ಸಿಗುತ್ತವೆ ಎಣಿಸಿ. ಖಾಲಿ ಆವರಣದೊಂದಿಗೆ ರಚಿಸಿದ ಡೇಟ್‌ಟೈಮ್ ಆಬ್ಜೆಕ್ಟ್‌ಗಳನ್ನೂ ಹುಡುಕಿ, ಅವೂ ಒಳಗಿನಿಂದ ಗಡಿಯಾರವನ್ನೇ ನೋಡುತ್ತವೆ. ಇವೆಲ್ಲ ಮುಗಿದ ಮೇಲೆ ಬಹಳ ಜನ ಮರೆಯುವ ಒಂದು ಜಾಗ ಉಳಿದಿರುತ್ತದೆ. ನಿಮ್ಮ ಎಸ್‌ಕ್ಯೂಎಲ್ ಪ್ರಶ್ನೆಗಳು. ಅವುಗಳೊಳಗೆ ನೌ ಅಥವಾ ಕರ್‌ಡೇಟ್ ಎಂದು ಬರೆದಿದ್ದರೆ ಅದು ಡೇಟಾಬೇಸಿನ ಗಡಿಯಾರ. ಅದರ ಕಾಲವಲಯ ಪಿಎಚ್‌ಪಿಯ ಕಾಲವಲಯಕ್ಕಿಂತ ಬೇರೆ ಇರಬಹುದು. ಪುಟದಲ್ಲಿ ಅರ್ಜಿ ತೆರೆದಿದೆ ಎಂದು ಕಾಣಿಸಿ, ಸೇರಿಸುವಾಗ ಡೇಟಾಬೇಸ್ ನಿರಾಕರಿಸುವ ವಿಚಿತ್ರ ಹುಟ್ಟುವುದು ಇಲ್ಲಿಂದ. ನೌ ಎಂಬುದನ್ನು ತೆಗೆದು, ಹೊಸ್ತಿಲಲ್ಲಿ ಒಮ್ಮೆ ಪಡೆದ ಅದೇ ಹೊತ್ತನ್ನು ಪ್ರಶ್ನೆಗೂ ಪ್ಯಾರಾಮೀಟರ್ ಆಗಿ ಕೊಡಿ. ಆಮೇಲೆ ಜುಲೈ 31ರ ಆ ನಾಲ್ಕು ಟೆಸ್ಟ್‌ಗಳನ್ನು ಬರೆದು, ಒಮ್ಮೆ ಕಾಲವಲಯವನ್ನು ಯುಟಿಸಿಗೂ ಇನ್ನೊಮ್ಮೆ ಬರ್ಲಿನ್‌ಗೂ ಇಟ್ಟು ಓಡಿಸಿ. ಮೂರು ಕಡೆಯೂ ಒಂದೇ ಉತ್ತರ ಬಂದರೆ ಆ ಫಲಿತಾಂಶವನ್ನೇ ಮುದ್ರಿಸಿ ನಿಮ್ಮ ವರದಿಯ ಟೆಸ್ಟಿಂಗ್ ಅಧ್ಯಾಯಕ್ಕೆ ಸೇರಿಸಿ. ಹಳೆಯ ಕೋಷ್ಟಕವನ್ನು ಬಿಟ್ಟುಬಿಡಿ.